ಬಿಲ್ಲೆಯ ಮೇಲಿನ ಕಾಲಾಳು

ಸಾಹಿತ್ಯಕ್ಕೆ ಮೀಸಲಾದ ಈ ಪುಟದಲ್ಲಿ ಆಟದ ಸಾಮಾನನ್ನು ತಂದಿಟ್ಟರೆ ಕೆಲವು ವಾಚಕರು ಹುಬ್ಬೇರಿಸಬಹುದು. ಆದರೆ ನಾನು ಈ ವಾರ ವಿಮರ್ಶೆಗೆ ಎತ್ತಿಕೊಂಡಿರುವ ಆಟ ಪುಸ್ತಕದಿಂದ ಹುಟ್ಟಿ ಪುಸ್ತಕದಿಂದಲೇ ನಡೆಯತಕ್ಕದ್ದು. ಮೇಜಿನ ಮೇಲೆ ಬಣ್ಣ ಬಳಿದ ಪುಟ್ಟ ಸೈನಿಕರನ್ನು ಸಾಲಾಗಿ ನಿಲ್ಲಿಸಿ, ದಾಳ ಉರುಳಿಸಿ, ಹಳೆಯ ಕಾಲದ ಕದನಗಳನ್ನು ಮತ್ತೆ ಕಾದುವ ಯುದ್ಧದಾಟಕ್ಕೆ ಒಂದು ನಿಯಮಾವಳಿ ಇರುತ್ತದೆ. ಅದರ ಬೆನ್ನಿಗೆ ಲೋಕದ ಸೈನ್ಯಗಳನ್ನೆಲ್ಲ ವರ್ಗ ವರ್ಗವಾಗಿ ವಿಂಗಡಿಸಿದ ಪಟ್ಟಿಗಳಿರುತ್ತವೆ. ಯಾವ ನಾಡಿನ ಕಾಲಾಳು ಗಟ್ಟಿ, ಯಾವ ನಾಡಿನವನು ಟೊಳ್ಳು, ಯಾರು ನಿಲ್ಲುತ್ತಾರೆ, ಯಾರು ಓಡುತ್ತಾರೆ ಎಂಬ ತೀರ್ಪು ಅಲ್ಲಿ ಅಂಕಿಗಳ ರೂಪದಲ್ಲಿ ಅಚ್ಚಾಗಿದೆ. ತೀರ್ಪು ಕೊಡುವ ಯಾವ ಪುಸ್ತಕವೂ ವಿಮರ್ಶೆಗೆ ಹೊರತಲ್ಲವಷ್ಟೆ.

ಯುದ್ಧವನ್ನು ಹಲಗೆಯ ಮೇಲಕ್ಕೆ ಇಳಿಸುವುದು ನಮಗೆ ಹೊಸದಲ್ಲ. ಚದುರಂಗದಲ್ಲಿ ಆನೆ, ಕುದುರೆ, ರಥಗಳ ಮುಂದೆ ಕಾಲಾಳುಗಳ ಸಾಲನ್ನು ನಿಲ್ಲಿಸಿದವರು ನಮ್ಮ ದೇಶದವರೇ. ಆದರೆ ಚದುರಂಗದ ಕಾಲಾಳಿಗೆ ಊರಿಲ್ಲ, ಕಾಲವಿಲ್ಲ. ಬಿಳಿಯವನಿಗೂ ಕರಿಯವನಿಗೂ ಒಂದೇ ನಡೆ. 1824ರಲ್ಲಿ ಪ್ರಷ್ಯದ ರೈಸ್ವಿಟ್ಸ್ ಎಂಬ ಅಧಿಕಾರಿ, ತನ್ನ ತಂದೆ ಆರಂಭಿಸಿದ್ದ ಕೆಲಸವನ್ನು ಮುಂದುವರಿಸಿ, ನಕ್ಷೆಯ ಮೇಲೆ ದಾಳದಿಂದ ಆಡುವ ಯುದ್ಧದಾಟವನ್ನು ಸೇನಾಧಿಕಾರಿಗಳ ತರಬೇತಿಗೆಂದು ಸಿದ್ಧಪಡಿಸಿದ. 1913ರಲ್ಲಿ ಕಾದಂಬರಿಕಾರ ಎಚ್. ಜಿ. ವೆಲ್ಸ್ ‘ಲಿಟಲ್ ವಾರ್ಸ್’ ಎಂಬ ಪುಸ್ತಕ ಬರೆದು ಅದನ್ನು ಮನೆಯ ನೆಲದ ಮೇಲಕ್ಕೆ ತಂದರು. ಇಂಗ್ಲೆಂಡಿನ ವಾರ್‌ಗೇಮ್ಸ್ ರಿಸರ್ಚ್ ಗ್ರೂಪ್ 1969ರಿಂದ ಪ್ರಾಚೀನ ಕದನಗಳ ನಿಯಮಗಳನ್ನು ಪ್ರಕಟಿಸತೊಡಗಿತು. 1990ರಲ್ಲಿ ಫಿಲ್ ಬಾರ್ಕರ್ ಮತ್ತು ಸಂಗಡಿಗರು ಹೊರತಂದ ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’ ಎಂಬ ತೆಳುವಾದ ಪುಸ್ತಕ ಈ ಪರಂಪರೆಯಲ್ಲಿ ಬಹಳ ಪ್ರಭಾವ ಬೀರಿತು. ನಾನು ಮೇಜಿನ ಮುಂದೆ ಕುಳಿತದ್ದು ಈ ನಿಯಮಗಳ ಪ್ರಕಾರ ಆಡುವುದಕ್ಕೆ.

ಕೂರಿಸಿದವರು ನನ್ನ ಹಳೆಯ ಗೆಳೆಯರೊಬ್ಬರು. ಕೆಲಸದಿಂದ ನಿವೃತ್ತರಾದ ಮೇಲೆ ಅವರ ಊಟದ ಮೇಜು ಊಟಕ್ಕೆ ಸಿಕ್ಕುವುದೇ ಅಪರೂಪವೆಂದು ಮನೆಯವರ ದೂರು. ಅವರ ಬಳಿ ಹದಿನಾರನೆಯ ಶತಮಾನದ ಜಪಾನೀ ಸೈನ್ಯವೊಂದು ಇದೆ. ಎರಡು ವರ್ಷ ಕೂತು ಬಣ್ಣ ಹಚ್ಚಿದ್ದು. ಅದಕ್ಕೆ ಎದುರಾಳಿ ಬೇಕೆಂದು ಕೊರಿಯದ ಸೈನ್ಯವೊಂದನ್ನೂ ತರಿಸಿಕೊಂಡಿದ್ದಾರೆ. “ಬನ್ನಿ ರಾಯರೇ, ಕೊರಿಯದವರನ್ನು ನೀವು ಇಟ್ಟುಕೊಳ್ಳಿ” ಎಂದರು. ಆ ಧ್ವನಿಯಲ್ಲಿದ್ದ ಔದಾರ್ಯದ ಅರ್ಥ ನನಗೆ ಅರ್ಧ ಗಂಟೆಯ ಮೇಲೆ ತಿಳಿಯಿತು.

ಆಟದ ಕ್ರಮ ಸರಳವಾದದ್ದು. ಪ್ರತಿ ಪಕ್ಷಕ್ಕೆ 12 ಬಿಲ್ಲೆಗಳು. ಗೊಂಬೆಗಳು 15 ಮಿಲಿಮೀಟರ್ ಅಳತೆಯವಾದರೆ ಬಿಲ್ಲೆಯ ಅಗಲ 40 ಮಿಲಿಮೀಟರ್. ಒತ್ತಾಗಿ ನಿಂತು ಕಾದುವ ಕಾಲಾಳುಗಳಾದರೆ ಒಂದು ಬಿಲ್ಲೆಯ ಮೇಲೆ ನಾಲ್ವರನ್ನು ಅಂಟಿಸಿರುತ್ತಾರೆ. ಆ ನಾಲ್ವರು ನೂರಾರು ಮಂದಿಯ ಪ್ರತಿನಿಧಿಗಳು. ಪ್ರತಿ ಬಿಲ್ಲೆಗೂ ಒಂದು ಜಾತಿ: ಖಡ್ಗದವರು, ಈಟಿಯವರು, ಬಿಲ್ಲಾಳುಗಳು, ಚದುರಿ ಕಾದುವವರು, ಬರಿಯ ಗುಂಪು ಎಂದು ಹೀಗೆ. ಎರಡು ಬಿಲ್ಲೆಗಳು ತಾಗಿದಾಗ ಇಬ್ಬರೂ ಒಂದೊಂದು ದಾಳ ಎಸೆದು, ಬಂದದ್ದಕ್ಕೆ ತಮ್ಮ ಜಾತಿಯ ಅಂಕಿಯನ್ನು ಕೂಡಿಸಬೇಕು. ಕಾಲಾಳುಗಳೊಡನೆ ಕಾದುವಾಗ ಖಡ್ಗದವರ ಅಂಕಿ 5, ಬಿಲ್ಲಾಳುಗಳದು 2. ಕಡಮೆ ಬಂದವನು ಹಿಮ್ಮೆಟ್ಟುತ್ತಾನೆ. ಎದುರಾಳಿಯ ಮೊತ್ತ ತನ್ನದರ ಇಮ್ಮಡಿಯಾದರೆ ಆ ಬಿಲ್ಲೆ ಮೇಜಿನಿಂದಲೇ ಹೋಗುತ್ತದೆ. ನಾಲ್ಕು ಬಿಲ್ಲೆ ಹೋದರೆ ಸೋಲು.

ನನ್ನ ಬಿಲ್ಲಾಳುಗಳು ಬಾಣ ಬಿಡುವಷ್ಟು ಬಿಟ್ಟರು. ಆಮೇಲೆ ಸಮುರಾಯಿಗಳು ಮೈಮೇಲೆ ಬಿದ್ದರು. ನನಗೆ ದಾಳದಲ್ಲಿ ಒಂದು ಬಿದ್ದಾಗ ಗೆಳೆಯರಿಗೆ ಆರು ಬಿತ್ತು, ಮೂರಕ್ಕೆ ಹನ್ನೊಂದು. ಬಿಲ್ಲೆ ಮೇಜಿನಿಂದ ಡಬ್ಬಿಗೆ ಹೋಯಿತು. ಹೀಗೆ ನಾಲ್ಕು ಸಲವಾಗುವ ಹೊತ್ತಿಗೆ ಕಾಫಿ ಇನ್ನೂ ಬಿಸಿಯಾಗಿಯೇ ಇತ್ತು. ಸೋತದ್ದಕ್ಕೆ ನನಗೆ ಬೇಸರವಿಲ್ಲ; ಆಟದಲ್ಲಿ ಯಾರಾದರೂ ಸೋಲಲೇಬೇಕು. ಆದರೆ ಗೆಳೆಯರು ತಮ್ಮ ಅನುಕೂಲಕ್ಕೆಂದು ಬರೆದಿಟ್ಟುಕೊಂಡಿದ್ದ ಟಿಪ್ಪಣಿ ಪುಸ್ತಕ ಕಣ್ಣಿಗೆ ಬಿತ್ತು. ಅದರಲ್ಲಿ ‘ಕೊರಿಯ, ಕಾಲಾಳು’ ಎಂಬ ಮಾತಿನ ಮುಂದೆ ಒಂದೇ ಒಂದು ಪದ: ‘ಕನಿಷ್ಠ’. ಈ ಲೇಖನ ಆ ಒಂದು ಪದದ ಬಗ್ಗೆ.

ಮೊದಲು ಈ ಆಟಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿಬಿಡುತ್ತೇನೆ. ಇತಿಹಾಸದ ಪುಸ್ತಕದಲ್ಲಿ ‘ಸೈನ್ಯ ಚದುರಿಹೋಯಿತು’ ಎಂದು ಓದಿದಾಗ ನಾವು ಪುಟ ಮಗುಚುತ್ತೇವೆ. ಸೈನ್ಯ ಎಲ್ಲಿ ನಿಂತಿತ್ತು, ಬೆನ್ನಿಗೆ ಏನಿತ್ತು, ಮುಂದಿನ ನೆಲ ಎಂಥದು ಎಂದು ಕೇಳುವ ವ್ಯವಧಾನ ನಮಗಿರುವುದಿಲ್ಲ. ಮೇಜು ಅದನ್ನು ಕೇಳಿಸುತ್ತದೆ. 1592ರಲ್ಲಿ ಚುಂಗ್ಜು ಊರಿನ ಬಳಿ ತಂಗುಮ್‌ದೆ ಎಂಬಲ್ಲಿ ಸೇನಾಪತಿ ಸಿನ್ ರಿಪ್ ಕೊರಿಯದ ಸೈನ್ಯವನ್ನು ನಿಲ್ಲಿಸಿದ. ದಕ್ಷಿಣದಿಂದ ಬರುವ ಬೆಟ್ಟದ ಕಣಿವೆಯನ್ನು ಕಾಯದೆ ಬಿಟ್ಟು, ಬೆನ್ನಿಗೆ ನದಿಯನ್ನಿಟ್ಟುಕೊಂಡು ಬಯಲಿನಲ್ಲಿ ಕಾದ. ಉತ್ತರದ ಗಡಿಯಲ್ಲಿ ಕುದುರೆಯ ದಳದಿಂದ ಹೆಸರು ಮಾಡಿದವನು ಅವನು. ಇಲ್ಲಿಯೂ ರಾವುತರನ್ನೇ ನಂಬಿದ. ಆದರೆ ಮುಂದಿದ್ದದ್ದು ಕೆಸರಿನ ಗದ್ದೆ, ಎದುರಿಗಿದ್ದದ್ದು ಬತ್ತಿಕೋವಿ ಹಿಡಿದ ಜಪಾನೀ ಕಾಲಾಳು. ಸೈನ್ಯ ನದಿಗೆ ಬಿತ್ತು, ಸಿನ್ ರಿಪ್ ಅಲ್ಲಿಯೇ ಸತ್ತ. ಹತ್ತು ಪುಟಗಳ ವಿವರಣೆಯಿಂದ ಆಗದ ತಿಳಿವಳಿಕೆ ಮೇಜಿನ ಮೇಲೆ ನೀಲಿ ಬಟ್ಟೆಯನ್ನು ಹಾಸಿ, ಅದರ ಮುಂದೆ ಬಿಲ್ಲೆಗಳನ್ನಿಟ್ಟ ಕ್ಷಣದಲ್ಲಿ ಆಗುತ್ತದೆ. ಹಿಮ್ಮೆಟ್ಟುವುದಕ್ಕೆ ಜಾಗವೇ ಇಲ್ಲ ಎಂಬುದು ಕೈಗೆ ತಗಲುತ್ತದೆ. ಇದು ಕಲೆಯೇ ಹೌದು.

ಹಾಗಾದರೆ ದೋಷ ಎಲ್ಲಿ? ನನ್ನ ಮೊದಲನೆಯ ಆಕ್ಷೇಪ ಬಿಲ್ಲೆಯ ಮೇಲೆಯೇ ಇದೆ. ಒಂದು ಬಿಲ್ಲೆಗೆ ಒಂದು ಜಾತಿ ಎಂಬ ನಿಯಮದ ಹಿಂದೆ ಒಂದು ಊಹೆಯುಂಟು: ಒಂದು ತುಕಡಿಯೆಂದರೆ ಒಂದು ಆಯುಧ. ಗ್ರೀಸಿನ ಈಟಿಸಾಲಿಗೆ ಈ ಊಹೆ ಚೆನ್ನಾಗಿ ಹೊಂದುತ್ತದೆ. ಕೊರಿಯದ ಕಾಲಾಳಿಗೆ ಹೊಂದುವುದಿಲ್ಲ. 1392ರಲ್ಲಿ ಸ್ಥಾಪಿತವಾದ ಜೊಸೊನ್ ರಾಜ್ಯದಲ್ಲಿ 1451ರಲ್ಲಿ ಮುಂಜೊಂಗ್ ರಾಜನ ಕಾಲಕ್ಕೆ ವ್ಯೂಹಶಾಸ್ತ್ರದ ಗ್ರಂಥವೊಂದು ಸಿದ್ಧವಾಯಿತು. ಅದು ಚೌಕ, ವೃತ್ತ, ನೇರ, ಬಾಗು, ಮೊನಚು ಎಂದು ಐದು ಬಗೆಯ ವ್ಯೂಹಗಳನ್ನು ಹೇಳುತ್ತದೆ. ಅದರ ಕಾಲಾಳುಗಳಲ್ಲಿ ಗುರಾಣಿಯವರು, ಕೈತೋಪಿನವರು, ಉದ್ದ ಈಟಿಯವರು, ಉದ್ದ ಕತ್ತಿಯವರು, ಬಿಲ್ಲಾಳುಗಳು ಎಂಬ ಐದೂ ಬಗೆ ಒಟ್ಟಿಗೇ ಸೇರಿರುತ್ತವೆ. ಒಬ್ಬನು ಇನ್ನೊಬ್ಬನ ಕೊರತೆಯನ್ನು ತುಂಬುವುದೇ ಅಲ್ಲಿಯ ತತ್ತ್ವ.

ಯುದ್ಧದ ನಡುವೆ ಈ ತತ್ತ್ವ ಇನ್ನಷ್ಟು ಗಟ್ಟಿಯಾಯಿತು. 1593ರ ಫೆಬ್ರವರಿಯಲ್ಲಿ ಚೀನದ ಮಿಂಗ್ ಸೈನ್ಯ ಕೊರಿಯದವರೊಡನೆ ಸೇರಿ ಪ್ಯೊಂಗ್ಯಾಂಗ್ ನಗರವನ್ನು ಮರಳಿ ಪಡೆಯಿತು. ಆ ಗೆಲುವಿನಲ್ಲಿ ದಕ್ಷಿಣ ಚೀನದ ಕಾಲಾಳುಗಳ ಕೈಚಳಕ ಕೊರಿಯದವರ ಕಣ್ಣಿಗೆ ಬಿತ್ತು. ಅವರ ವಿದ್ಯೆಯೆಲ್ಲ ಚಿ ಜಿಗುವಾಂಗ್ ಎಂಬ ಚೀನೀ ಸೇನಾನಿ ಕರಾವಳಿಯ ಕಡಲುಗಳ್ಳರನ್ನು ಎದುರಿಸುವುದಕ್ಕಾಗಿ ಬರೆದ ಗ್ರಂಥದಲ್ಲಿತ್ತು. ಅದೇ ವರ್ಷ, ಮಂತ್ರಿ ಯು ಸೊಂಗ್-ರ್ಯೊಂಗನ ಸಲಹೆಯಂತೆ, ಕೊರಿಯದ ರಾಜಧಾನಿಯಲ್ಲಿ ‘ಹುನ್‌ರ್ಯೊನ್ ದೊಗಮ್’ ಎಂಬ ಸೈನ್ಯ ಶಿಕ್ಷಣ ಕಚೇರಿ ಹುಟ್ಟಿತು. ಕೋವಿಯವನು, ಬಿಲ್ಲಾಳು, ಕೈಗೈ ಹತ್ತಿ ಕಾದುವವನು ಎಂಬ ಮೂರು ವಿದ್ಯೆಗಳ ಕಾಲಾಳು ಅಲ್ಲಿ ತಯಾರಾದ.

ಚಿ ಜಿಗುವಾಂಗನ ಕಿರುದಳದ ರಚನೆಯನ್ನು ಸ್ವಲ್ಪ ನೋಡಬೇಕು. ಒಟ್ಟು ಹನ್ನೆರಡು ಮಂದಿ. ಒಬ್ಬ ನಾಯಕ. ಇಬ್ಬರು ಗುರಾಣಿಯವರು, ಅವರಲ್ಲಿ ಒಬ್ಬನದು ಬೆತ್ತದಿಂದ ಹೆಣೆದ ದುಂಡು ಗುರಾಣಿ. ಅವರ ಹಿಂದೆ ಕೊಂಬೆಗಳನ್ನು ಹಾಗೆಯೇ ಬಿಟ್ಟ ಉದ್ದನೆಯ ಬಿದಿರನ್ನು ಹಿಡಿದ ಇಬ್ಬರು. ಶತ್ರುವಿನ ಕತ್ತಿ ಆ ಕೊಂಬೆಗಳಲ್ಲಿ ಸಿಕ್ಕಿಕೊಳ್ಳಬೇಕು. ಅವರ ಹಿಂದೆ ನಾಲ್ವರು ಉದ್ದ ಈಟಿಯವರು. ಅವರ ಹಿಂದೆ ತ್ರಿಶೂಲ ಹಿಡಿದ ಇಬ್ಬರು. ಹನ್ನೆರಡನೆಯವನು ಅಡಿಗೆಯವನು. ಬಿದಿರಿನವನು ಕೊಲ್ಲುವುದಿಲ್ಲ, ತಡೆಯುತ್ತಾನೆ. ತಡೆದುದನ್ನು ಈಟಿಯವನು ಇರಿಯುತ್ತಾನೆ. ಈಟಿಯನ್ನು ನುಸುಳಿ ಬಂದವನನ್ನು ತ್ರಿಶೂಲದವನು ನೋಡಿಕೊಳ್ಳುತ್ತಾನೆ. ಜೋಡಿಯಾಗಿ ಬಾಳುವ ಹಕ್ಕಿಯ ಹೆಸರನ್ನು ಈ ವ್ಯೂಹಕ್ಕೆ ಇಟ್ಟಿದ್ದಾರೆ. ಹೆಸರಿಟ್ಟವನು ರಸಿಕನೇ ಸರಿ. ಕೊರಿಯದ ಅಧಿಕಾರಿ ಹಾನ್ ಗ್ಯೊ 1598ರಲ್ಲಿ ಸಿದ್ಧಪಡಿಸಿದ ‘ಮುಯೆಜೆಬೊ’ ಎಂಬ ಸಚಿತ್ರ ಕೈಪಿಡಿ ಇದೇ ಆಯುಧಗಳನ್ನು, ದೊಣ್ಣೆ ಮತ್ತು ಎರಡು ಕೈಯ ಕತ್ತಿಗಳ ಜೊತೆಗೆ, ಕಲಿಸುತ್ತದೆ.

ಈಗ ಹೇಳಿ, ಇವರನ್ನು ಯಾವ ಬಿಲ್ಲೆಯ ಮೇಲೆ ಅಂಟಿಸೋಣ? ಖಡ್ಗವೆನ್ನೋಣವೆ, ಈಟಿಯೆನ್ನೋಣವೆ, ಬಿಲ್ಲು ಎನ್ನೋಣವೆ? ಆಟದ ಪರವಾಗಿ ಒಂದು ಉತ್ತರವಿದೆ, ಅದು ಹಗುರವಾದುದಲ್ಲ. ಒಂದು ಬಿಲ್ಲೆ ನೂರಾರು ಮಂದಿಗೆ ಸಮವಾದಾಗ ಹನ್ನೆರಡು ಜನರ ಒಳಜಗತ್ತು ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ದಂಡಿನ ದಳವಾಯಿಗೆ ಬೇಕಾದದ್ದು ಒಟ್ಟಿನ ಫಲ ಮಾತ್ರ. ಒಪ್ಪಿದೆ. ಅಲ್ಲದೆ ಮುಂದೆ ಗುರಾಣಿ ಈಟಿಗಳು, ಹಿಂದೆ ಬಿಲ್ಲು, ಹೀಗೆ ಎರಡು ಬಗೆಯವರನ್ನು ಬೆಸೆದ ತುಕಡಿಗಳಿಗೆ ಈ ನಿಯಮಗಳಲ್ಲೂ, 2008ರಲ್ಲಿ ಬಂದ ‘ಫೀಲ್ಡ್ ಆಫ್ ಗ್ಲೋರಿ’ಯಲ್ಲೂ ಅವಕಾಶ ಮಾಡಿದ್ದಾರೆ. ಆದರೆ ಬೆಸುಗೆಗೆ ಅವಕಾಶವಿದೆಯೆಂದ ಮೇಲೆ ಅದು ಅಪವಾದವಾಗಿ ಏಕಿರಬೇಕು? ಪೂರ್ವ ಏಷ್ಯದ ಕಾಲಾಳಿನ ಮಟ್ಟಿಗೆ ಬೆಸುಗೆಯೇ ನಿಯಮ. ಒಂದೇ ಆಯುಧದವರ ಸಾಲನ್ನು ಸಹಜವೆಂದೂ ಉಳಿದದ್ದನ್ನು ವಿಶೇಷವೆಂದೂ ಎಣಿಸುವ ಮನಸ್ಸು ಯುರೋಪಿನ ಬಯಲುಗಳಲ್ಲಿ ಬೆಳೆದದ್ದು. ಅದು ತಪ್ಪಲ್ಲ, ಆದರೆ ಅದು ಒಂದು ಊರಿನ ಅಳತೆಗೋಲು ಎಂಬುದನ್ನು ಪುಸ್ತಕ ಎಲ್ಲಿಯೂ ಹೇಳಿಕೊಳ್ಳುವುದಿಲ್ಲ.

ನನ್ನ ಎರಡನೆಯ ಆಕ್ಷೇಪ ಇದಕ್ಕಿಂತ ಭಾರವಾದದ್ದು. ಅದು ಗೆಳೆಯರ ‘ಕನಿಷ್ಠ’ಕ್ಕೆ ಸಂಬಂಧಿಸಿದ್ದು. ಈ ಮನೆತನದ ನಿಯಮಾವಳಿಗಳಲ್ಲಿ ದೊಡ್ಡದಾದ ‘ಡಿ ಬೆಲ್ಲಿಸ್ ಮಲ್ಟಿಟ್ಯುಡಿನಿಸ್’ (1993) ಪ್ರತಿ ಜಾತಿಗೂ ಉತ್ತಮ, ಸಾಧಾರಣ, ಕನಿಷ್ಠ ಎಂಬಂಥ ದರ್ಜೆಗಳನ್ನು ಹಚ್ಚುತ್ತದೆ. ‘ಫೀಲ್ಡ್ ಆಫ್ ಗ್ಲೋರಿ’ಯಲ್ಲಿಯೂ ನಾಲ್ಕು ದರ್ಜೆಗಳಿವೆ. ದರ್ಜೆಯನ್ನು ಸೈನಿಕನ ಮೈಗೆ ಹಚ್ಚುತ್ತಾರೆ ಎಂಬುದನ್ನು ಗಮನಿಸಬೇಕು. ಸೋಲು ಗೆಲುವುಗಳ ಕಾರಣ ಅವನ ಒಳಗಿದೆ ಎಂದು ಇದರ ಅರ್ಥ. ಗೆಳೆಯರ ತರ್ಕವೂ ಅದೇ: “1592ರಲ್ಲಿ ಜಪಾನಿನವರು ಬುಸಾನಿನಲ್ಲಿ ಇಳಿದ ಮೂರು ವಾರಗಳಲ್ಲಿ ರಾಜಧಾನಿ ಹೋಯಿತಲ್ಲ ರಾಯರೇ, ಇನ್ನೇನು ಬರೆಯಲಿ?”

ಇನ್ನೇನು ಬರೆಯಬಹುದೆಂಬುದಕ್ಕೆ ಆ ಕಾಲದವನೇ ಬರೆದ ಪುಸ್ತಕವಿದೆ. ಮೇಲೆ ಹೇಳಿದ ಮಂತ್ರಿ ಯು ಸೊಂಗ್-ರ್ಯೊಂಗ್ 1598ರಲ್ಲಿ ಅಧಿಕಾರ ಕಳೆದುಕೊಂಡು ಊರಿಗೆ ಮರಳಿದ ಮೇಲೆ ‘ಜಿಂಗ್ಬಿರೊಕ್’ ಎಂಬ ಗ್ರಂಥವನ್ನು ಬರೆದ. ಆದ ತಪ್ಪನ್ನು ಮುಂದೆ ಆಗದಂತೆ ನೋಡಿಕೊಳ್ಳಬೇಕೆಂಬುದು ಅದರ ಉದ್ದೇಶ. 2002ರಲ್ಲಿ ಅದರ ಇಂಗ್ಲಿಷ್ ಅನುವಾದವೂ ಬಂದಿದೆ. ಯುದ್ಧಕಾಲದಲ್ಲಿ ರಾಜ್ಯದ ಚುಕ್ಕಾಣಿ ಹಿಡಿದಿದ್ದವನು ತನ್ನ ಸರ್ಕಾರದ ಹುಳುಕನ್ನು ಇಷ್ಟು ಬಿಚ್ಚಿ ಹೇಳಿದ ಪುಸ್ತಕಗಳು ಲೋಕದಲ್ಲಿ ಹೆಚ್ಚಿಲ್ಲ.

ಅವನು ಹೇಳುವುದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಅಂದಿನ ಏರ್ಪಾಟಿನಂತೆ ಪ್ರಾಂತದ ಕಾಲಾಳುಗಳು ಗೊತ್ತಾದ ಜಾಗದಲ್ಲಿ ಸೇರಬೇಕು. ಅವರನ್ನು ನಡೆಸುವ ಸೇನಾಪತಿ ರಾಜಧಾನಿಯಿಂದ ಬರಬೇಕು. ದೆಗು ಊರಿನ ಬಳಿ ಜನ ಸೇರಿದರು. ಸೇನಾಪತಿ ಬರಲಿಲ್ಲ. ಮಳೆ ಹಿಡಿಯಿತು, ಬುತ್ತಿ ಮುಗಿಯಿತು, ಶತ್ರು ಹತ್ತಿರವಾದ. ರಾತ್ರಿಯಲ್ಲಿ ಜನ ಕರಗಿಹೋದರು. ಇತ್ತ ರಾಜಧಾನಿಯಲ್ಲಿ ಸೇನಾಪತಿ ಯಿ ಇಲ್ ಜೊತೆಗೆ ಕರೆದುಕೊಂಡು ಹೋಗಲು 300 ಮಂದಿ ಬಲ್ಲ ಸೈನಿಕರನ್ನು ಕೇಳಿದ. ಪಟ್ಟಿ ತೆರೆದು ನೋಡಿದರೆ ಅದರಲ್ಲಿ ಗುಮಾಸ್ತರೂ ಪರೀಕ್ಷೆಗೆ ಓದುವ ವಿದ್ಯಾರ್ಥಿಗಳೂ ತುಂಬಿದ್ದರು. ವಿದ್ಯಾರ್ಥಿಗಳು ಪುಸ್ತಕ ಕಾಗದಗಳ ಸಮೇತ ಬಂದು ವಿನಾಯಿತಿ ಬೇಡಿದರು. ಕೊನೆಗೆ ಸಂಗ್ಜು ಊರಿನಲ್ಲಿ ಸರ್ಕಾರಿ ಕಣಜದ ಧಾನ್ಯ ತೋರಿಸಿ ಬೇಸಾಯಗಾರರನ್ನು ಕೂಡಿಸಿದ. ಶತ್ರು ಬಂದಿದ್ದಾನೆ ಎಂದು ಸುದ್ದಿ ತಂದ ಹಳ್ಳಿಗನೊಬ್ಬನನ್ನು, ಜನರಲ್ಲಿ ಭಯ ಹುಟ್ಟಿಸಿದನೆಂದು, ಕೊಲ್ಲಿಸಿದ. ಸುದ್ದಿ ನಿಜವಾಗಿತ್ತು. ಆಮೇಲೆ ಸುದ್ದಿ ತರುವ ಧೈರ್ಯ ಯಾರಿಗೂ ಬರಲಿಲ್ಲ.

ಈ ಪುಟಗಳನ್ನು ಓದಿದ ಮೇಲೆ ‘ಕನಿಷ್ಠ’ ಎಂಬ ದರ್ಜೆಯನ್ನು ಯಾರಿಗೆ ಕೊಡಬೇಕು? ದೆಗುವಿನಲ್ಲಿ ನೆನೆಯುತ್ತ ಕಾದವನಿಗೋ, ಅವನನ್ನು ಕಾಯಿಸಿದ ಏರ್ಪಾಟಿಗೋ? ಮೇಜಿನ ಮೇಲೆ ಏರ್ಪಾಟಿಗೆ ಗೊಂಬೆಯಿಲ್ಲ. ಪಟ್ಟಿ, ಕಣಜ, ದಾರಿ, ಮಳೆ, ರಾಜಧಾನಿಯ ಕಚೇರಿ, ಇವುಗಳಿಗೆ ಬಿಲ್ಲೆಯಿಲ್ಲ. ಕಾಲಾಳಿಗೆ ಮಾತ್ರ ಉಂಟು. ಆದ್ದರಿಂದ ಎಲ್ಲರ ಪಾಪವೂ ಅವನ ತಲೆಯ ಮೇಲೆ ಕೂರುತ್ತದೆ. ಸರ್ಕಾರದ ಸೋಲನ್ನು ಬಡವನ ಗುಣವೆಂದು ಬರೆದಿಡುವುದು ಆಟದ ಪುಸ್ತಕಗಳಲ್ಲಿ ಮಾತ್ರ ನಡೆಯುವುದಿಲ್ಲ. ಆದಕಾರಣವೇ ಇದು ನನಗೆ ಆಟದ ವಿಷಯವೆಂದು ತೋರುವುದಿಲ್ಲ.

ಅದೇ ಜನ ಮುಂದೆ ಏನು ಮಾಡಿದರೆಂಬುದನ್ನೂ ನೋಡಬೇಕು. 1592ರ ನವೆಂಬರಿನಲ್ಲಿ ಜಿಂಜು ಕೋಟೆಯನ್ನು ಕಿಮ್ ಸಿ-ಮಿನ್ ಸುಮಾರು 3,800 ಮಂದಿಯೊಡನೆ ಕಾದು, ಐದಾರು ಪಾಲು ದೊಡ್ಡದಾದ ಸೈನ್ಯವನ್ನು ಹಿಮ್ಮೆಟ್ಟಿಸಿದ. 1593ರ ಮಾರ್ಚಿನಲ್ಲಿ ರಾಜಧಾನಿಗೆ ಹತ್ತಿರದ ಹೆಂಗ್ಜು ದಿಬ್ಬದ ಮೇಲೆ ಗ್ವೊನ್ ಯುಲ್ ಮರದ ಬೇಲಿ ಕಟ್ಟಿ ನಿಂತ. ಅವನ ಜೊತೆ ಸುಮಾರು 2,300 ಮಂದಿ. ಬೌದ್ಧ ಸನ್ಯಾಸಿಗಳೂ ಅವರಲ್ಲಿದ್ದರು. ಎದುರಿಗೆ ಸುಮಾರು 30,000 ಎಂದು ಸಾಮಾನ್ಯವಾಗಿ ಹೇಳುವ ಲೆಕ್ಕ. ಒಂದೇ ದಿನದಲ್ಲಿ ಮತ್ತೆ ಮತ್ತೆ ಏರಿ ಬಂದ ಜಪಾನಿನವರು ಸಂಜೆಗೆ ಹಿಂದಿರುಗಿದರು. ಬಾಣ, ಗಾಡಿಯ ಮೇಲೆ ಸಾಲಾಗಿ ಜೋಡಿಸಿದ ತೋಪು, ಅದು ಮುಗಿದ ಮೇಲೆ ಕಲ್ಲು. ಹೆಂಗಸರು ಮಡಿಲಲ್ಲಿ ಕಲ್ಲು ತಂದುಕೊಟ್ಟರೆಂಬ ಕಥೆ ಕೊರಿಯದಲ್ಲಿ ಇಂದಿಗೂ ಜನರ ಬಾಯಲ್ಲಿದೆ. ಕಥೆಯೋ ನಿಜವೋ, ಬೇಲಿಯ ಹಿಂದೆ ನಿಂತವರು ಓಡಲಿಲ್ಲ ಎಂಬುದಂತೂ ನಿಜ.

ಹುನ್‌ರ್ಯೊನ್ ದೊಗಮ್ ಹುಟ್ಟಿದಾಗ ಅದಕ್ಕೆ ಸೇರಿದವರಾದರೂ ಯಾರು? ಹಾಳುಬಿದ್ದ ರಾಜಧಾನಿಯಲ್ಲಿ ಹಸಿದಿದ್ದ ಜನ. ದೊಡ್ಡ ಕಲ್ಲೊಂದನ್ನೆತ್ತಬೇಕು, ಆಳೆತ್ತರದ ಗೋಡೆ ಹಾರಬೇಕು. ತೇರ್ಗಡೆಯಾದವನಿಗೆ ದಿನಕ್ಕಿಷ್ಟು ಅಕ್ಕಿ. ಪ್ರಾಂತಗಳಲ್ಲಿ ಎದ್ದ ಹೊಸ ದಳಗಳಲ್ಲಿ ಜೀತದಾಳುಗಳೂ ಆಯುಧ ಹಿಡಿದರು. ಇಂಥ ಕಾಲಾಳುಗಳ ಪರಂಪರೆಯವರೇ ಆರು ದಶಕಗಳ ಮೇಲೆ ಒಳ್ಳೆಯ ಗುರಿಕಾರರೆಂದು ಹೆಸರಾದರು. ಉತ್ತರದ ನದಿಗಳಲ್ಲಿ ಇಳಿದು ಬರುತ್ತಿದ್ದ ರಷ್ಯನ್ನರ ಮೇಲೆ ಕಾದಲು ಚೀನದ ಚಿಂಗ್ ಅರಸರು 1654ರಲ್ಲಿ ಕೊರಿಯದ 100 ಕೋವಿಯವರನ್ನು, 1658ರಲ್ಲಿ 200 ಕೋವಿಯವರನ್ನು ಕೇಳಿ ಪಡೆದರು. ಎರಡನೆಯ ಕದನದಲ್ಲಿ ರಷ್ಯನ್ ನಾಯಕ ಸ್ಟೆಪಾನೊವ್ ಹತನಾದ. ಆ ದಳದ ನಾಯಕ ಸಿನ್ ರ್ಯು ಬರೆದ ದಿನಚರಿಯೂ ಉಳಿದುಬಂದಿದೆ. ಹಾಗೆಂದು ಇವರನ್ನು ‘ಉತ್ತಮ’ ಎಂದು ಬರೆದುಬಿಟ್ಟರೂ ತಪ್ಪೇ. ಇವೆರಡರ ನಡುವೆ, 1637ರಲ್ಲಿ, ಸಂಗ್‌ನ್ಯೊಂಗ್ ಎಂಬಲ್ಲಿ ಮಂಚುಗಳ ಎದುರು ಇದೇ ಕೋವಿಯ ದಂಡು ದಿಕ್ಕಾಪಾಲಾಯಿತು. ಜನ ಒಂದೇ, ಕಾಲ, ನಾಯಕ, ಬುತ್ತಿ, ಮದ್ದುಗುಂಡು ಬೇರೆ ಬೇರೆ.

‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’ ಜೊಸೊನ್ ಸೈನ್ಯಕ್ಕೆ ‘ಯಿ ವಂಶದ ಕೊರಿಯ’ ಎಂದು ಹೆಸರಿಟ್ಟು 1392ರಿಂದ 1598ರ ವರೆಗೆ ಒಂದೇ ಪಟ್ಟಿ ಕೊಡುತ್ತದೆ. 206 ವರ್ಷಗಳಿಗೆ 12 ಬಿಲ್ಲೆ! ಮಿತವ್ಯಯವೆಂದರೆ ಇದು. ಮೂರು ವಿದ್ಯೆಗಳ ಕಾಲಾಳು ಹುಟ್ಟಿದ್ದು 1593ರಲ್ಲಿ, ಅವನ ಕೈಪಿಡಿ ಸಿದ್ಧವಾದದ್ದು 1598ರಲ್ಲಿ; ಅವನು ಬಾಗಿಲಿಗೆ ಬರುವ ಹೊತ್ತಿಗೆ ಪಟ್ಟಿ ಕದ ಮುಚ್ಚುತ್ತದೆ. ಪ್ರಾಚೀನ ಮತ್ತು ಮಧ್ಯಯುಗದ ಆಟವಾದ್ದರಿಂದ ಎಲ್ಲಿಯೋ ನಿಲ್ಲಬೇಕು, ನಿಜ. ಆದರೆ ನಿಲ್ಲುವ ಜಾಗ ಕಥೆಯ ಅರ್ಥವನ್ನು ಬದಲಿಸುತ್ತದೆ ಎಂಬುದು ಕಾದಂಬರಿ ಓದುವವರಿಗೆಲ್ಲ ತಿಳಿದ ಮಾತು.

ಕೊರಿಯದ ಕಾಲಾಳು ಹೀಗಾದದ್ದಕ್ಕೆ ಯಾರ ದುರುದ್ದೇಶವೂ ಕಾರಣವಲ್ಲ. ನನ್ನ ಗೆಳೆಯರ ಹಾಗೆ, ಅವನನ್ನು ಮೇಜಿಗೆ ಕರೆಯುವವರಲ್ಲಿ ಬಹುಮಂದಿ ಮೊದಲು ಸಮುರಾಯಿಗಳನ್ನು ಪ್ರೀತಿಸಿದವರು ಎಂದು ನನ್ನ ಊಹೆ. ಸ್ಟೀಫನ್ ಟರ್ನ್‌ಬುಲ್ ಈ ಯುದ್ಧದ ಬಗ್ಗೆ 2002ರಲ್ಲಿ ಇಂಗ್ಲಿಷಿನಲ್ಲಿ ಬರೆದ ಪುಸ್ತಕದ ಹೆಸರೇ ‘ಸಮುರಾಯ್ ಇನ್ವೇಷನ್’. ಒಳಗೆ ಕೊರಿಯದವರ ಪಾಲಿನ ಕಥೆಯೂ ಇದೆ. ಆದರೆ ಮುಖಪುಟದಲ್ಲಿ ಕತ್ತಿ ಹಿಡಿದು ಬಂದವನ ಹೆಸರು. ಕೊರಿಯದವರು ಅದೇ ಯುದ್ಧವನ್ನು ‘ಇಮ್ಜಿನ್ ವರ್ಷದ ಜಪಾನೀ ಉಪದ್ರವ’ ಎನ್ನುತ್ತಾರೆ. ಮನೆಗೆ ನುಗ್ಗಿದವನು ಸಾಹಸವೆನ್ನುತ್ತಾನೆ, ಮನೆಯವನು ಉಪದ್ರವವೆನ್ನುತ್ತಾನೆ.

ಇದರಲ್ಲೊಂದು ಸೋಜಿಗವೂ ಇದೆ. ಕೊರಿಯಕ್ಕೆ ತನ್ನದೇ ಆದ ಚದುರಂಗವುಂಟು, ಹೆಸರು ಜಂಗ್ಗಿ. ಅದರಲ್ಲಿ ಎರಡು ಪಕ್ಷಗಳ ದೊರೆಗಳ ಮೇಲೆ ಬರೆದಿರುವುದು ಚು ಮತ್ತು ಹಾನ್ ಎಂದು. ಎರಡೂ ಚೀನದ ಪ್ರಾಚೀನ ರಾಜ್ಯಗಳು. ತಮ್ಮ ಹಲಗೆಯ ಮೇಲೂ ಕೊರಿಯದವರು ಆಡಿಸಿದ್ದು ಪರನಾಡಿನ ಸೈನ್ಯಗಳನ್ನೇ! ಆದರೆ ಆ ಆಟದ ಕಾಲಾಳನ್ನು ಗಮನಿಸಿ. ನಮ್ಮ ಕಾಲಾಳು ಮುಂದಕ್ಕೆ ಮಾತ್ರ ನಡೆಯಬಲ್ಲ. ಚೀನದ ಆಟದಲ್ಲಿ ಅವನು ನದಿ ದಾಟಿದ ಮೇಲೆ ಪಕ್ಕಕ್ಕೆ ಸರಿಯಬಲ್ಲ. ಜಂಗ್ಗಿಯ ಕಾಲಾಳು ಮೊದಲ ನಡೆಯಿಂದಲೇ ಪಕ್ಕಕ್ಕೆ ಸರಿದು ನೆರೆಯವನ ಬದಿಗೆ ನಿಲ್ಲಬಲ್ಲ. ಇದರಿಂದ ಇತಿಹಾಸದ ಸಿದ್ಧಾಂತವನ್ನೇನೂ ನಾನು ಕಟ್ಟುವುದಿಲ್ಲ. ಆದರೂ ಬಿದಿರಿನವನ ಬೆನ್ನಿಗೆ ಈಟಿಯವನು ನಿಲ್ಲುವ ಆ ಹನ್ನೆರಡು ಮಂದಿಯನ್ನು ಓದಿದ ಮೇಲೆ ಆ ನಡೆ ನನಗೆ ಇಷ್ಟವಾಯಿತು.

ಪರಿಹಾರ ಹೇಳದೆ ತಪ್ಪು ಹುಡುಕುವವನು ಅರ್ಧ ವಿಮರ್ಶಕ. ಆದ್ದರಿಂದ ಮರುವಾರ ಮತ್ತೆ ಗೆಳೆಯರ ಮನೆಗೆ ಹೋಗಿ ಎರಡು ಬೇಡಿಕೆಗಳನ್ನಿಟ್ಟೆ. 1592ರ ಮೊದಲ ತಿಂಗಳನ್ನು ಆಡುವುದಾದರೆ ನನ್ನ ಕಾಲಾಳುಗಳ ದರ್ಜೆಯನ್ನು ತಗ್ಗಿಸಬೇಡಿ. ಬದಲಿಗೆ ಅರ್ಧ ಬಿಲ್ಲೆಗಳನ್ನು ಮೇಜಿನಿಂದ ಹೊರಗಿಡಿ, ಅವು ಬರುತ್ತವೋ ಇಲ್ಲವೋ ಎಂಬುದನ್ನು ಪ್ರತಿ ಸರದಿಯಲ್ಲೂ ದಾಳ ಹೇಳಲಿ. ಸೋಲು ಅದೇ ಆಗುತ್ತದೆ, ಕಾರಣ ನಿಜವಾದದ್ದಾಗುತ್ತದೆ. ಎರಡನೆಯದು, ಅದೇ ಬಿಲ್ಲೆಗಳಿಂದ ಹೆಂಗ್ಜುವನ್ನು ಆಡೋಣ. ಗೆಳೆಯರು ಒಪ್ಪಿದರು. ಪುಸ್ತಕಗಳನ್ನು ಒಟ್ಟಿ ಮೇಲೆ ಹಸಿರು ಬಟ್ಟೆ ಹೊದಿಸಿ ದಿಬ್ಬ ಮಾಡಿದೆವು. ಎತ್ತರದಲ್ಲಿ ನಿಂತವನಿಗೆ ನಿಯಮದಂತೆಯೇ ಒಂದು ಅಂಕ ಹೆಚ್ಚು. ಬೇಲಿಗಾಗಿ ಗೆಳೆಯರು ಕೈಯಿಂದ ಇನ್ನಷ್ಟು ಸೇರಿಸಿದರು.

ಆ ಭಾನುವಾರ ಊಟ ತಡವಾಯಿತು. ನನ್ನ ಎರಡು ಬಿಲ್ಲೆಗಳು ಹೋದವು, ಉಳಿದವು ದಿಬ್ಬದ ಮೇಲೆಯೇ ಇದ್ದವು. ಗೆಳೆಯರು ಬಹಳ ಹೊತ್ತು ಮೇಜನ್ನು ನೋಡುತ್ತ ನಿಂತು, ಆಮೇಲೆ ಟಿಪ್ಪಣಿ ಪುಸ್ತಕ ತೆರೆದರು. ‘ಕನಿಷ್ಠ’ ಎಂಬುದನ್ನು ಹೊಡೆದುಹಾಕುತ್ತಾರೆಂದು ನಾನು ಎಣಿಸಿದ್ದೆ. ಹಾಗೆ ಮಾಡಲಿಲ್ಲ. ಆ ಪದದ ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ ‘ಮೇ, ಜೂನ್ 1592’ ಎಂದು ಬರೆದರು. ಅವರು ಮಾಡಿದ್ದೇ ಸರಿಯೆಂದು ಈಗ ನನಗೂ ತೋರುತ್ತದೆ. ಜನರ ಮೇಲೆ ತೀರ್ಪು ಬರೆಯುವವರು ಅದರ ಪಕ್ಕದಲ್ಲಿ ತಾರೀಖು ಹಾಕುವುದನ್ನು ಕಲಿತರೆ ಸಾಕು.